ನೀಳ ಕೂದಲು, ಹಗುರ ಕೈ: ಪದೇ ಪದೇ ಕೇಳುವ ಪ್ರಶ್ನೆಗಳು

ಸೊಂಟ ದಾಟಿದ ಜಡೆ ಕಂಡರೆ ಜನ ಮೊದಲು ಕೇಳುವುದು "ಏನು ಹಚ್ಚುತ್ತೀರಿ?" ಎಂದು. ಏನೇನು ಮಾಡುವುದನ್ನು ಬಿಟ್ಟಿದ್ದೀರಿ ಎಂದು ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ. ಹದಿನಾಲ್ಕು ವರ್ಷಗಳಿಂದ ಕೂದಲು ಬೆಳೆಸುತ್ತಿದ್ದೇನೆ. ಅದರಲ್ಲಿ ಮೊದಲ ಐದು ವರ್ಷ ದಂಡವಾಯಿತು, ಏಕೆಂದರೆ ಬೆಳೆದಷ್ಟನ್ನೂ ನಾನೇ ಬಾಚಣಿಗೆಯಿಂದ ಮುರಿದು ಹಾಕುತ್ತಿದ್ದೆ. ಎದುರು ಸಿಕ್ಕವರು ಕೇಳಿದ, ಪತ್ರದಲ್ಲಿ ಬರೆದು ಕಳಿಸಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ನಾನು ವೈದ್ಯೆಯಲ್ಲ. ವೈದ್ಯರ ಬಳಿ ಹೋಗಬೇಕಾದ ವಿಷಯ ಬಂದಲ್ಲಿ ಹಾಗೆಂದೇ ಹೇಳಿದ್ದೇನೆ.

## ಮೊದಲು ತಿಳಿಯಬೇಕಾದವು

ನನ್ನ ಕೂದಲು ಭುಜ ದಾಟುವುದೇ ಇಲ್ಲ. ಬೆಳೆಯುವುದೇ ನಿಂತುಹೋಗಿದೆಯೇ?

ನಿಂತಿರುವ ಸಾಧ್ಯತೆ ತೀರಾ ಕಡಿಮೆ. ಬಣ್ಣ ಹಚ್ಚಿಕೊಂಡವರ ಬೈತಲೆ ನೋಡಿ. ಒಂದೂವರೆ ತಿಂಗಳೊಳಗೆ ಬುಡದಲ್ಲಿ ಅಸಲಿ ಬಣ್ಣ ಇಣುಕುತ್ತದೆ. ಭುಜದ ಬಳಿ ವರ್ಷಗಟ್ಟಲೆ ನಿಂತಿರುವ ಕೂದಲಿನಲ್ಲೂ ಅದು ಇಣುಕುತ್ತದೆ. ಅಂದರೆ ಬುಡದಲ್ಲಿ ತಿಂಗಳಿಗೆ ಒಂದು ಸೆಂಟಿಮೀಟರ್ ಹೊಸದಾಗಿ ಬರುತ್ತಿದೆ, ತುದಿಯಲ್ಲಿ ಅಷ್ಟೇ ಮುರಿದು ಬೀಳುತ್ತಿದೆ.

ನೆತ್ತಿಯಿಂದ ಹೊರಗೆ ಬಂದ ಕೂದಲಿಗೆ ಉಗುರಿನ ಹಾಗೆ ಜೀವವಿಲ್ಲ. ಒಳಗೆ ಕೆರಾಟಿನ್ ಎಂಬ ಪ್ರೋಟೀನಿನ ನಾರುಗಳು, ಹೊರಗೆ ಛಾವಣಿಯ ಹೆಂಚಿನಂತೆ ಒಂದರ ಮೇಲೊಂದು ಕುಳಿತ ತೆಳ್ಳನೆಯ ಪದರಗಳು. ಚರ್ಮಕ್ಕೆ ಗಾಯವಾದರೆ ಮಾಯುತ್ತದೆ, ಇಲ್ಲಿ ಒಂದು ಹೆಂಚು ಹಾರಿದರೆ ಹಾರಿದಂತೆಯೇ. 75 ಸೆಂಟಿಮೀಟರ್ ಉದ್ದದ ಜಡೆಯ ತುದಿಗೆ ಸುಮಾರು ಐದು ವರ್ಷ ವಯಸ್ಸು. ದಿನಕ್ಕೆ ಎರಡು ಸಲ ಬಾಚಿದರೆ ಆ ತುದಿ ಇಷ್ಟರಲ್ಲಿ 3,650 ಸಲ ಬಾಚಣಿಗೆ ಕಂಡಿರುತ್ತದೆ. ವಾರಕ್ಕೆ ಎರಡು ತಲೆಸ್ನಾನವಾದರೆ 520 ಸಲ ನೆನೆದು ಒಣಗಿರುತ್ತದೆ. ಅಷ್ಟು ಸಲ ಒಗೆದ ಬಟ್ಟೆಯನ್ನು ಯಾರೂ ಹೊಸ ಬಟ್ಟೆಯಂತೆ ಕಲ್ಲಿಗೆ ಬಡಿಯುವುದಿಲ್ಲ. ಕೂದಲಿನ ವಿಷಯದಲ್ಲಿ ಮಾತ್ರ ಬುಡಕ್ಕೂ ತುದಿಗೂ ಒಂದೇ ಉಪಚಾರ ನಡೆಯುತ್ತದೆ.

ತಿಂಗಳಿಗೆ ಎಷ್ಟು ಬೆಳೆಯಬೇಕು? ಅದನ್ನು ಜಾಸ್ತಿ ಮಾಡಲು ಏನಾದರೂ ಇದೆಯೇ?

ಹೆಚ್ಚಿನವರಿಗೆ ತಿಂಗಳಿಗೆ ಒಂದರಿಂದ ಒಂದೂಕಾಲು ಸೆಂಟಿಮೀಟರ್, ವರ್ಷಕ್ಕೆ ಹನ್ನೆರಡರಿಂದ ಹದಿನೈದು. ಈ ವೇಗವನ್ನು ಗೊತ್ತುಮಾಡುವುದು ಬಹುಮಟ್ಟಿಗೆ ಅನುವಂಶೀಯತೆ, ವಯಸ್ಸು ಮತ್ತು ಆರೋಗ್ಯ. "ಒಂದೇ ತಿಂಗಳಲ್ಲಿ ಮೂರು ಇಂಚು" ಎನ್ನುವ ಸೀಸೆ ಕಂಡರೆ ಅಲ್ಲೇ ಇಟ್ಟು ಬನ್ನಿ. ಆರೋಗ್ಯವಂತರ ಕೂದಲಿನ ವೇಗ ಹೆಚ್ಚಿಸುವ ಎಣ್ಣೆಯನ್ನಾಗಲಿ ಲೇಪವನ್ನಾಗಲಿ ನಾನು ಕಂಡಿಲ್ಲ. ನಮ್ಮ ಕೈಯಲ್ಲಿರುವುದು ಮುರಿಯುವ ಪ್ರಮಾಣ ಒಂದೇ.

ಬಾಚಿದರೆ ಕೈತುಂಬಾ ಕೂದಲು ಬರುತ್ತದೆ. ಹೆದರಬೇಕೇ?

ಮೊದಲು ಬಂದ ಕೂದಲನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗುಂಡು ಕಂಡರೆ ಅದು ಬುಡದಿಂದ ಉದುರಿದ ಕೂದಲು, ಅವಧಿ ಮುಗಿಸಿ ಹೊರಟದ್ದು. ಗುಂಡಿಲ್ಲದೆ ತುಂಡುತುಂಡಾಗಿ ಗಿಡ್ಡವಾಗಿದ್ದರೆ ಅದು ಮುರಿದದ್ದು. ಉದುರುವುದು ದೇಹಕ್ಕೆ ಸಂಬಂಧಿಸಿದ್ದು. ಮುರಿಯುವುದು ಕೈಗೆ, ಬಾಚಣಿಗೆಗೆ, ರಾಸಾಯನಿಕಕ್ಕೆ ಸಂಬಂಧಿಸಿದ್ದು. ಎರಡಕ್ಕೂ ಒಂದೇ ಮದ್ದು ಹುಡುಕಿ ವರ್ಷ ಕಳೆದವರು ಬಹಳ ಮಂದಿ.

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ಪ್ರತಿ ಕೂದಲೂ ಕೆಲವು ವರ್ಷ ಬೆಳೆದು, ಎರಡು ಮೂರು ವಾರ ಹಿಂಜರಿದು, ಸುಮಾರು ಮೂರು ತಿಂಗಳು ಸುಮ್ಮನಿದ್ದು ಉದುರುತ್ತದೆ, ಅದೇ ಜಾಗದಲ್ಲಿ ಹೊಸದು ಹುಟ್ಟುತ್ತದೆ. ಹಾಗಾಗಿ ದಿನಕ್ಕೆ 50ರಿಂದ 100 ಉದುರುವುದು ಸಹಜ. ಮೂರು ದಿನ ಜಡೆ ಬಿಚ್ಚದೆ ನಾಲ್ಕನೆಯ ದಿನ ಬಾಚಿದರೆ ಮೂರು ದಿನದ ಬಾಕಿಯೂ ಒಟ್ಟಿಗೇ ಬರುತ್ತದೆ. ಉದ್ದ ಕೂದಲಿನ ನೂರು ಎಳೆ ಸೇರಿದರೆ ಕಣ್ಣಿಗೆ ದೊಡ್ಡ ಉಂಡೆಯಾಗಿ ಕಾಣುತ್ತದೆ, ಗಾಬರಿ ಬೇಡ.

ಕೂದಲಿಗೆ ಕೈ ಹಾಕುವುದು ಕಡಿಮೆ ಮಾಡಿ ಎನ್ನುತ್ತೀರಿ. ಹಾಗೆಂದರೆ ಬಾಚದೇ ಇರುವುದೇ?

ಅಲ್ಲ. ಬಾಚದೇ ಬಿಟ್ಟರೆ ಉದುರಿದ ಎಳೆಗಳು ಉಳಿದವುಗಳ ಸುತ್ತ ಸುತ್ತಿಕೊಂಡು ಗಂಟಾಗುತ್ತವೆ, ಆ ಗಂಟು ಬಿಡಿಸುವಾಗ ಹತ್ತು ದಿನದ ಹಾನಿ ಒಂದೇ ದಿನ ಆಗುತ್ತದೆ.

ನಾನು ಹೇಳುವುದು ಬೇರೆ. ಒಂದು ದಿನ ಒಂದು ಚೀಟಿ ಇಟ್ಟುಕೊಂಡು, ಕೂದಲನ್ನು ಮುಟ್ಟಿದಾಗಲೆಲ್ಲ ಒಂದು ಗೀಟು ಹಾಕಿ. ಬೆಳಿಗ್ಗೆ ಬಾಚಿದ್ದು, ಹೊರಡುವ ಮುನ್ನ ಮತ್ತೊಮ್ಮೆ, ಕಚೇರಿಯಲ್ಲಿ ಕ್ಲಿಪ್ ತೆಗೆದು ಹಾಕಿದ್ದು, ಯೋಚಿಸುತ್ತಾ ತುದಿ ಸುತ್ತಿದ್ದು, ಫೋನಿನಲ್ಲಿ ಮಾತನಾಡುತ್ತಾ ಬೆರಳಾಡಿಸಿದ್ದು, ಸಂಜೆ ಬಿಚ್ಚಿ ಮತ್ತೆ ಕಟ್ಟಿದ್ದು. ನನ್ನ ಮೊದಲ ಚೀಟಿಯಲ್ಲಿ ಸಂಜೆ ಐದಕ್ಕೆ ನಲವತ್ತು ಗೀಟು ದಾಟಿದ್ದವು, ಆಮೇಲೆ ಎಣಿಸುವ ಧೈರ್ಯವಾಗಲಿಲ್ಲ. ಆ ಗೀಟುಗಳಲ್ಲಿ ಬೇಡದವನ್ನು ಕೈಬಿಡುವುದೇ ಈ ಕ್ರಮ. ಬೆಳಿಗ್ಗೆ ಒಮ್ಮೆ ಸಿಕ್ಕು ಬಿಡಿಸಿ, ಸಡಿಲವಾದ ಜಡೆಯನ್ನೋ ತುರುಬನ್ನೋ ಹಾಕಿ ರಾತ್ರಿಯವರೆಗೆ ಮರೆತುಬಿಡಿ. ಕನ್ನಡಿಯ ಮುಂದೆ ನಿಲ್ಲುವ ಸಮಯವೂ ಉಳಿಯುತ್ತದೆ.

ಆಗಾಗ ಕತ್ತರಿಸಿದರೆ ಬೇಗ ಬೆಳೆಯುತ್ತದಂತೆ, ಬೋಳಿಸಿದರೆ ದಟ್ಟವಾಗುತ್ತದಂತೆ. ನಿಜವೇ?

ಎರಡೂ ಸುಳ್ಳು. ಕತ್ತರಿ ಆಡುವುದು ತುದಿಯಲ್ಲಿ, ಬೆಳವಣಿಗೆ ನಡೆಯುವುದು ನೆತ್ತಿಯೊಳಗೆ. ಅಲ್ಲಿಗೆ ಇಲ್ಲಿಯ ಸುದ್ದಿ ಮುಟ್ಟುವುದಿಲ್ಲ. ಮಿಲ್ಡ್ರೆಡ್ ಟ್ರಾಟರ್ ಎಂಬ ಅಂಗರಚನಾ ಶಾಸ್ತ್ರಜ್ಞೆ ಗಂಡಸರ ಗಡ್ಡದ ಕೂದಲನ್ನು ಅಳೆದು, ಬೋಳಿಸುವುದರಿಂದ ದಪ್ಪವೂ ವೇಗವೂ ಬದಲಾಗುವುದಿಲ್ಲ ಎಂದು 1928ರಲ್ಲೇ ತೋರಿಸಿದ್ದರು. ಬೋಳಿಸಿದ ಮೇಲೆ ಬರುವ ಕೂದಲಿನ ತುದಿ ಮೊಂಡಾಗಿರುವುದರಿಂದ ಒರಟಾಗಿ, ದಪ್ಪವಾಗಿ ತೋರುತ್ತದೆ, ಅಷ್ಟೇ. ತುದಿ ಕವಲೊಡೆದಿದ್ದರೆ ಕತ್ತರಿಸಬೇಕು, ಆದರೆ ಆ ಕಾರಣವೇ ಬೇರೆ. ಮುಂದೆ ಹೇಳಿದ್ದೇನೆ.

## ಬಾಚುವುದು, ಕಟ್ಟುವುದು, ಮಲಗುವುದು

ಸಿಕ್ಕು ಬಿಡಿಸುವ ಸರಿಯಾದ ಕ್ರಮ ಯಾವುದು? ಬುಡದಿಂದ ಬಾಚಿದರೆ ಏನಾಗುತ್ತದೆ?

ಬುಡದಿಂದ ಒಂದೇ ಎಳೆತಕ್ಕೆ ಬಾಚಿದರೆ ದಾರಿಯಲ್ಲಿರುವ ಸಣ್ಣ ಸಣ್ಣ ಸಿಕ್ಕುಗಳೆಲ್ಲ ಕೆಳಕ್ಕೆ ಜಾರಿ, ಒಂದರ ಮೇಲೊಂದು ಕೂತು, ತುದಿಯ ಹತ್ತಿರ ಒಂದು ಗಟ್ಟಿ ಗಂಟಾಗುತ್ತದೆ. ಆಗ ಕೈ ತಾನಾಗಿಯೇ ಬಲವಾಗಿ ಎಳೆಯುತ್ತದೆ. ಟಪ್ ಟಪ್ ಎಂದು ಕೇಳಿಸುವ ಸದ್ದು ಗಂಟು ಬಿಟ್ಟದ್ದಲ್ಲ, ಕೂದಲು ತುಂಡಾದದ್ದು.

ಹೀಗೆ ಮಾಡಿ. ಕೂದಲನ್ನು ಎರಡು ಅಥವಾ ನಾಲ್ಕು ಪಾಲು ಮಾಡಿ ಮುಂದಕ್ಕೆ ತೆಗೆದುಕೊಳ್ಳಿ. ಮೊದಲು ಬಾಚಣಿಗೆ ಬೇಡ, ಬೆರಳು ಸಾಕು. ಬೆರಳಿಗೆ ಗಂಟು ಎಲ್ಲಿದೆ ಎಂದು ತಿಳಿಯುತ್ತದೆ, ಬಾಚಣಿಗೆಗೆ ತಿಳಿಯುವುದಿಲ್ಲ. ಗಂಟಿನ ಮೇಲ್ಭಾಗವನ್ನು ಒಂದು ಕೈಯಲ್ಲಿ ಹಿಡಿದುಕೊಂಡರೆ ಎಳೆತ ನೆತ್ತಿಗೆ ತಾಗುವುದಿಲ್ಲ. ಇನ್ನೊಂದು ಕೈಯಿಂದ ಗಂಟಿನ ಅಂಚಿನ ಎಳೆಗಳನ್ನು ಒಂದೊಂದಾಗಿ ಪಕ್ಕಕ್ಕೆ ಬಿಡಿಸಿ. ಕೆಳಕ್ಕೆ ಎಳೆಯಬೇಡಿ, ಅಗಲಕ್ಕೆ ಬಿಡಿಸಿ. ಗಂಟು ಹಟ ಹಿಡಿದರೆ ಒಂದು ತೊಟ್ಟು ಎಣ್ಣೆಯನ್ನು ಅದಕ್ಕೆ ಸವರಿ ಎರಡು ನಿಮಿಷ ಬಿಡಿ. ಅದಾದ ಮೇಲೆ ಹಲ್ಲು ಅಗಲವಾಗಿರುವ ಬಾಚಣಿಗೆ ತೆಗೆದುಕೊಂಡು ತುದಿಯ ಒಂದು ಗೇಣು ಬಾಚಿ, ಆಮೇಲೆ ಅದರ ಮೇಲಿನ ಗೇಣು, ಹೀಗೆ ಮೇಲಕ್ಕೆ ಏರುತ್ತಾ ಹೋಗಿ. ಕೊನೆಗೊಮ್ಮೆ ಬುಡದಿಂದ ತುದಿಯವರೆಗೆ ಬಾಚಿದಾಗ ಎಲ್ಲಿಯೂ ತಡೆಯಬಾರದು.

ಬಾಚಣಿಗೆಯ ಹಲ್ಲುಗಳ ನಡುವೆ ಬೆರಳಿನಿಂದ ಸವರಿ ನೋಡಿ. ಅಗ್ಗದ ಪ್ಲಾಸ್ಟಿಕ್ ಬಾಚಣಿಗೆಗಳಲ್ಲಿ ಅಚ್ಚಿನ ಗೆರೆ ಚೂಪಾಗಿ ಉಳಿದಿರುತ್ತದೆ. ಅದು ಪ್ರತಿ ಸಲವೂ ಕೂದಲನ್ನು ಹೆರೆಯುವ ಸಣ್ಣ ಬ್ಲೇಡು. ನನ್ನ ಹಳೆಯ ಬಾಚಣಿಗೆಯಲ್ಲಿ ಆ ಗೆರೆ ಕೈಗೆ ಸಿಕ್ಕ ದಿನವೇ ಅದನ್ನು ಎಸೆದೆ. ಮರದ್ದೋ, ಒಂದೊಂದು ಹಲ್ಲನ್ನೂ ಕೊರೆದು ನಯಗೊಳಿಸಿದ್ದೋ ಉತ್ತಮ.

ಒದ್ದೆ ಕೂದಲು ಬಾಚಬಾರದು ಎನ್ನುತ್ತಾರೆ, ಆದರೆ ನನ್ನ ಗುಂಗುರು ಕೂದಲು ಒಣಗಿದ ಮೇಲೆ ಬಾಚಣಿಗೆಯೇ ಇಳಿಯುವುದಿಲ್ಲ. ಏನು ಮಾಡಲಿ?

ಇಬ್ಬರ ಮಾತೂ ಸರಿ. ನೀರು ಒಳಹೊಕ್ಕಾಗ ಕೂದಲಿನೊಳಗಿನ ಹೈಡ್ರೋಜನ್ ಬಂಧಗಳು ಬಿಡುತ್ತವೆ. ಕೂದಲು ಉಬ್ಬಿ, ಹೆಚ್ಚು ಹಿಗ್ಗುವ, ಬೇಗ ಮುರಿಯುವ ಸ್ಥಿತಿಗೆ ಬರುತ್ತದೆ. ನೇರ ಅಥವಾ ಅಲೆಯಲೆಯಾದ ಕೂದಲಿರುವವರು ಅದು ಒಣಗಿದ ಮೇಲೆಯೇ, ಕಡೇಪಕ್ಷ ಮುಕ್ಕಾಲು ಪಾಲು ಒಣಗಿದ ಮೇಲೆ ಬಾಚುವುದು ಲೇಸು. ಬಿಗಿಯಾದ ಗುಂಗುರು ಇದ್ದರೆ ಒಣ ಬಾಚಾಟದ ಉಜ್ಜಾಟವೇ ದೊಡ್ಡ ಹಾನಿ. ಅವರು ತಲೆಸ್ನಾನದಲ್ಲಿ, ಕೂದಲಿನ ಮೇಲೆ ಕಂಡೀಷನರ್ ಇರುವಾಗಲೇ, ಬೆರಳಿನಿಂದ ಅಥವಾ ಅಗಲ ಹಲ್ಲಿನ ಬಾಚಣಿಗೆಯಿಂದ ಬಿಡಿಸಿಕೊಳ್ಳಬೇಕು. ಬರೀ ನೀರಿನಲ್ಲಿ ಒದ್ದೆಯಾದ ಕೂದಲನ್ನು ಮಾತ್ರ ಯಾರೂ ಬಾಚಬೇಡಿ.

ಜಡೆ ಎಷ್ಟು ಬಿಗಿಯಾಗಿರಬೇಕು? ಸಡಿಲ ಹಾಕಿದರೆ ಮಧ್ಯಾಹ್ನಕ್ಕೇ ಬಿಚ್ಚಿಕೊಳ್ಳುತ್ತದೆ.

ಹುಬ್ಬು ಮೇಲೆತ್ತಿದರೆ ಹಣೆಯ ಅಂಚಿನಲ್ಲಿ ಎಳೆದಂತಾಗುತ್ತಿದ್ದರೆ ಬಿಗಿ ಜಾಸ್ತಿಯಾಯಿತು. ಸಂಜೆ ಜಡೆ ಬಿಚ್ಚಿದಾಗ "ಅಬ್ಬಾ" ಎನ್ನುವಷ್ಟು ಹಾಯೆನಿಸಿದರೂ ಅದೇ ಅರ್ಥ.

ನಿರಂತರ ಎಳೆತದಿಂದ ಹಣೆಯ ಅಂಚು, ಕಿವಿಯ ಮೇಲ್ಭಾಗಗಳಲ್ಲಿ ಕೂದಲು ತೆಳುವಾಗುವುದಕ್ಕೆ ವೈದ್ಯಶಾಸ್ತ್ರದಲ್ಲಿ ಟ್ರ್ಯಾಕ್ಷನ್ ಅಲೋಪೀಸಿಯಾ ಎಂಬ ಹೆಸರಿದೆ. ಇದನ್ನು ಮೊದಲು ದಾಖಲಿಸಿದ್ದು 1907ರಲ್ಲಿ, ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ. ಅವರು ಕೂದಲನ್ನು ಬಿಗಿಯಾಗಿ ಎಳೆದು ಕಟ್ಟುತ್ತಿದ್ದರು. ಆರಂಭದಲ್ಲೇ ಕಟ್ಟುವ ರೀತಿ ಬದಲಿಸಿದರೆ ಹೋದ ಕೂದಲು ಮರಳುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಬುಡವೇ ಸತ್ತು ಅಲ್ಲಿ ಶಾಶ್ವತವಾಗಿ ಬೋಳಾಗುತ್ತದೆ. ಹಣೆಯ ಅಂಚಿನಲ್ಲಿ ಸಣ್ಣ ಗುಳ್ಳೆ, ಕೆಂಪು, ಗಿಡ್ಡ ಮುರುಕು ಕೂದಲು ಕಂಡರೆ ಅದೇ ಎಚ್ಚರಿಕೆ.

ಬಿಚ್ಚಿಕೊಳ್ಳದಿರಲು ಉಪಾಯವೆಂದರೆ ಮೊದಲ ಎರಡು ಹೆಣಿಗೆ ಸಡಿಲವಾಗಿರಲಿ, ಕುತ್ತಿಗೆ ದಾಟಿದ ಮೇಲೆ ಬಿಗಿ ಮಾಡಿ. ಕೆಳಗಿನ ಬಿಗಿ ನೆತ್ತಿಗೆ ತಾಗುವುದಿಲ್ಲ. ಬೈತಲೆಯನ್ನೂ ಜಡೆಯ ಜಾಗವನ್ನೂ ಆಗಾಗ ಬದಲಿಸಿ, ಪ್ರತಿದಿನ ಒಂದೇ ಜಾಗಕ್ಕೆ ಭಾರ ಬೀಳಬಾರದು.

ರಬ್ಬರ್ ಬ್ಯಾಂಡ್ ಹಾಕಬಹುದೇ?

ಬರೀ ರಬ್ಬರ್ ಬೇಡ. ತೆಗೆಯುವಾಗ ಹತ್ತು ಕೂದಲನ್ನಾದರೂ ಜೊತೆಗೆ ಕಿತ್ತು ತರುತ್ತದೆ. ಬಟ್ಟೆ ಹೊದಿಸಿದ, ಲೋಹದ ಬೆಸುಗೆಯಿಲ್ಲದ ಬ್ಯಾಂಡ್ ಇರಲಿ. ತುರುಬಿಗೆ ನಯವಾದ ಒಂದು ಕಡ್ಡಿ ಎಲ್ಲಕ್ಕಿಂತ ಮೇಲು.

ರಾತ್ರಿ ಕೂದಲು ಬಿಟ್ಟು ಮಲಗಬೇಕೇ, ಕಟ್ಟಿ ಮಲಗಬೇಕೇ?

ಕಟ್ಟಿ, ಆದರೆ ಹಗಲಿನ ಬಿಗಿ ಬೇಡ. ಸಡಿಲವಾದ ಒಂದು ಜಡೆ ಹಾಕಿ ದಿಂಬಿನ ಮೇಲುಗಡೆಗೆ ಚೆಲ್ಲಿಕೊಂಡರೆ ಮಗ್ಗುಲು ಬದಲಿಸಿದಾಗ ಅದು ಮೈಕೆಳಗೆ ಸಿಕ್ಕಿಕೊಳ್ಳುವುದಿಲ್ಲ. ಒರಟು ಹತ್ತಿಯ ದಿಂಬಿನ ಹೊದಿಕೆಗಿಂತ ರೇಷ್ಮೆ ಅಥವಾ ಸ್ಯಾಟಿನ್ ಹೊದಿಕೆಯಲ್ಲಿ ಉಜ್ಜಾಟ ಕಡಿಮೆ. ಅದಕ್ಕೆಂದೇ ದುಡ್ಡು ಸುರಿಯಬೇಕಿಲ್ಲ, ತಲೆಗೆ ನಯವಾದ ಹಳೆಯ ಬಟ್ಟೆ ಸುತ್ತಿಕೊಂಡರೂ ನಡೆಯುತ್ತದೆ. ಒದ್ದೆ ಕೂದಲಿನಲ್ಲಿ ಮಾತ್ರ ಮಲಗಬೇಡಿ.

## ನೀರು, ಎಣ್ಣೆ, ಶಾಂಪೂ

ವಾರಕ್ಕೆ ಎಷ್ಟು ಸಲ ತಲೆಸ್ನಾನ ಮಾಡಬೇಕು?

ನೆತ್ತಿ ಕೇಳಿದಷ್ಟು ಸಲ. ಕೆಲವರ ನೆತ್ತಿ ಎರಡನೆಯ ದಿನಕ್ಕೇ ಜಿಡ್ಡಾಗುತ್ತದೆ, ಕೆಲವರದು ವಾರವಾದರೂ ಹಗುರವಾಗಿರುತ್ತದೆ. ತೊಳೆದಷ್ಟೂ ಉದುರುತ್ತದೆ ಎಂದು ಹೆದರಿ ಹದಿನೈದು ದಿನ ತಲೆಗೆ ನೀರು ಹಾಕದವರನ್ನು ಕಂಡಿದ್ದೇನೆ. ತುರಿಕೆ, ಹೊಟ್ಟು, ವಾಸನೆ ಎಲ್ಲವೂ ಬಂದು ಕೊನೆಗೆ ಉದುರುವುದೂ ಹೆಚ್ಚಾಗಿತ್ತು. ಸ್ನಾನದಲ್ಲಿ ಬರುವ ಕೂದಲು ಹೇಗಿದ್ದರೂ ಹೊರಡಲಿದ್ದದ್ದೇ.

ತೊಳೆಯುವ ರೀತಿ ಮುಖ್ಯ. ಶಾಂಪೂವನ್ನು ನೀರಿನಲ್ಲಿ ತೆಳುಮಾಡಿ ನೆತ್ತಿಗೆ ಮಾತ್ರ ಹಾಕಿ, ಬೆರಳಿನ ತುದಿಯಿಂದ ಉಜ್ಜಿ, ಉಗುರಿನಿಂದ ಬೇಡ. ಕೂದಲನ್ನೆಲ್ಲ ತಲೆಯ ಮೇಲೆ ಗುಡ್ಡೆ ಹಾಕಿ ಬಟ್ಟೆ ಒಗೆದಂತೆ ತಿಕ್ಕಿದರೆ ಗಂಟಾಗದೆ ಇನ್ನೇನಾದೀತು? ತೊಳೆಯುವಾಗ ಇಳಿಯುವ ನೊರೆಯೇ ತುದಿಗೆ ಸಾಕು.

ಶಾಂಪೂ ರಾಸಾಯನಿಕ ಎಂದು ಸೋಪು ಬಳಸುತ್ತೇನೆ. ಕೂದಲು ಒರಟಾಗುತ್ತಿರುವುದೇಕೆ?

ಸೋಪೂ ರಾಸಾಯನಿಕವೇ, ಅದೂ ಕ್ಷಾರೀಯ. ಅದರ ಪಿಎಚ್ 9ರಿಂದ 10ರ ಆಸುಪಾಸು, ನೆತ್ತಿಯದು ಸುಮಾರು 5.5, ಕೂದಲಿನದು ಇನ್ನೂ ಕಡಿಮೆ. ಕ್ಷಾರ ತಾಗಿದಾಗ ಹೊರಪದರದ ಹೆಂಚುಗಳು ಏಳುತ್ತವೆ, ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ನೀರು ಗಡಸಾಗಿದ್ದರೆ ಅದರ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಬಿಳಿ ಗಸಿಯಾಗಿ ಕೂದಲಿಗೆ ಅಂಟುತ್ತದೆ. ಸೌಮ್ಯವಾದ ಶಾಂಪೂ ಒಳ್ಳೆಯದು. ಗಡಸು ನೀರಿನವರು ತಿಂಗಳಿಗೊಮ್ಮೆ ಇಡಿಟಿಎ ಎಂಬ, ಖನಿಜಗಳನ್ನು ಹಿಡಿದುಕೊಳ್ಳುವ ವಸ್ತು ಇರುವ ಶಾಂಪೂ ಬಳಸಿದರೆ ಆ ಖನಿಜದ ಪೊರೆ ಬಿಡುತ್ತದೆ.

ಕಂಡೀಷನರ್ ಹಾಕಿದರೆ ಕೂದಲು ಉದುರುತ್ತದೆಯೇ?

ಇಲ್ಲ. ಉದ್ದ ಕೂದಲಿರುವವರು ಒಂದೇ ಒಂದು ವಸ್ತು ಕೊಳ್ಳುವುದಾದರೆ ಇದನ್ನೇ ಕೊಳ್ಳಿ ಎನ್ನುತ್ತೇನೆ. ಕೂದಲಿನ ಹಾನಿಯಾದ ಜಾಗಗಳಲ್ಲಿ ಋಣ ವಿದ್ಯುದಾವೇಶ ಹೆಚ್ಚಿರುತ್ತದೆ, ಕಂಡೀಷನರಿನ ಮುಖ್ಯ ಅಂಶಗಳಲ್ಲಿ ಧನ ಆವೇಶ. ಹಾಗಾಗಿ ಅದು ಬೇಕಾದ ಕಡೆಗೇ ಹೋಗಿ ಅಂಟಿ, ಎಳೆಗಳು ಒಂದರ ಪಕ್ಕ ಒಂದು ಜಾರುವಂತೆ ಮಾಡುತ್ತದೆ. ಕಿವಿಯಿಂದ ಕೆಳಕ್ಕೆ ಹಚ್ಚಿ. ನೆತ್ತಿಗೆ ಹಚ್ಚಿದರೆ ಕೂದಲು ಜಿಡ್ಡಾಗಿ ಬೇಗ ತೊಳೆಯಬೇಕಾಗುತ್ತದೆ, ಬೇರೆ ಅಪಾಯವೇನಿಲ್ಲ.

ಎಣ್ಣೆ ಹಚ್ಚಿದರೆ ಕೂದಲು ಬೆಳೆಯುತ್ತದೆಯೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳಿ.

ಬೆಳೆಯುವುದಿಲ್ಲ, ಉಳಿಯುತ್ತದೆ.

ಒಂದೇ ಮಾತು ಕೇಳಿದಿರಿ, ಆದರೂ ಇನ್ನೆರಡು ಸೇರಿಸದಿರಲಾರೆ. 2003ರಲ್ಲಿ ರೆಲೆ ಮತ್ತು ಮೊಹಿಲೆ ಎಂಬ ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿ ನೋಡಿದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಕರಗಿಹೋಗುವುದನ್ನು ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ಅದರ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು. ಹಾಗಾಗಿ ಕೂದಲಿನ ಒಳಕ್ಕೇ ಇಳಿಯುತ್ತದೆ. ಒಳಗೆ ಎಣ್ಣೆಯಿದ್ದರೆ ನೀರು ಅಷ್ಟಾಗಿ ಹೀರುವುದಿಲ್ಲ, ಕೂದಲು ಪ್ರತಿ ಸಲ ಉಬ್ಬಿ ಕುಗ್ಗುವ ಶ್ರಮ ಕಡಿಮೆಯಾಗುತ್ತದೆ. ಆದ್ದರಿಂದ ಎಣ್ಣೆಯ ಜಾಗ ತಲೆಸ್ನಾನಕ್ಕೆ ಮೊದಲು, ನೆತ್ತಿಗಿಂತ ಉದ್ದಕ್ಕೆ, ಅದರಲ್ಲೂ ತುದಿಗೆ. ಅಂಗೈಯಲ್ಲಿ ನಾಲ್ಕು ಹನಿ ಸವರಿ ತುದಿಗಳನ್ನು ಹಿಚುಕಿದರೆ ಸಾಕು.

ಹೊಟ್ಟಿರುವವರು ನೆತ್ತಿಗೆ ಎಣ್ಣೆ ಸುರಿಯುವುದನ್ನು ಬಿಡಿ. ಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಎಂಬ ಶಿಲೀಂಧ್ರ ಜಿಡ್ಡನ್ನೇ ತಿಂದು ಬದುಕುತ್ತದೆ. ಅದಕ್ಕೆ ಊಟ ಬಡಿಸಿ ಆಮೇಲೆ ಬೈದರೆ ಏನು ಪ್ರಯೋಜನ? ಕೀಟೊಕೊನಜೋಲ್ ಅಥವಾ ಜಿಂಕ್ ಪೈರಿಥಿಯೋನ್ ಇರುವ ಶಾಂಪೂ ಬೇಕು. ಹಚ್ಚಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು.

ಟವೆಲಿನಲ್ಲಿ ಉಜ್ಜಬೇಡಿ, ಡ್ರೈಯರ್ ಬೇಡ ಎನ್ನುತ್ತೀರಿ. ಹಾಗಾದರೆ ಒಣಗಿಸುವುದು ಹೇಗೆ?

ನಯವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಹಿಂಡಬೇಡಿ, ಬಡಿಯಬೇಡಿ. ಹತ್ತು ನಿಮಿಷದ ಮೇಲೆ ಬಟ್ಟೆ ತೆಗೆದು ಗಾಳಿಗೆ ಬಿಡಿ.

ಡ್ರೈಯರ್ ಬೇಡವೇ ಬೇಡ ಎಂದು ನಾನೂ ಬಹಳ ಕಾಲ ಹೇಳುತ್ತಿದ್ದೆ, ಆ ಮಾತನ್ನು ಸ್ವಲ್ಪ ತಿದ್ದಿಕೊಂಡಿದ್ದೇನೆ. 2011ರಲ್ಲಿ ಪ್ರಕಟವಾದ ಕೊರಿಯಾದ ಒಂದು ಅಧ್ಯಯನದಲ್ಲಿ, ಡ್ರೈಯರಿನ ಬಿಸಿ ಏರಿದಂತೆ ಹೊರಪದರದ ಹಾನಿ ಏರಿತು, ನಿಜ. ಆದರೆ ತಾನಾಗಿ ಒಣಗಲು ಬಿಟ್ಟ ಕೂದಲಿನಲ್ಲಿ, ಪದರಗಳನ್ನು ಅಂಟಿಸಿ ಹಿಡಿಯುವ ಒಳಭಾಗಕ್ಕೆ ಹಾನಿಯಾಗಿತ್ತು. ತಾಸುಗಟ್ಟಲೆ ನೀರಿನಲ್ಲಿ ಉಬ್ಬಿಕೊಂಡಿರುವುದೂ ಕೂದಲಿಗೆ ಒಳ್ಳೆಯದಲ್ಲ ಎಂದಾಯಿತು. ಅವರು ಕಂಡುಕೊಂಡ ಮಧ್ಯಮ ಮಾರ್ಗವೆಂದರೆ 15 ಸೆಂಟಿಮೀಟರ್ ದೂರ, ಸದಾ ಚಲಿಸುವ ಕೈ. ಸೊಂಟದುದ್ದದ ದಟ್ಟ ಕೂದಲು ಆರು ತಾಸಾದರೂ ಒಣಗದವರು ಹಾಗೆ ಮಾಡಬಹುದು. ಕಾದ ಇಸ್ತ್ರಿ ಪಟ್ಟಿಯನ್ನು ಮಾತ್ರ ಒದ್ದೆ ಕೂದಲಿಗೆ ತಾಗಿಸಬೇಡಿ. ಒಳಗಿನ ನೀರು ಆವಿಯಾಗಿ ಕೂದಲಿನೊಳಗೇ ಗುಳ್ಳೆ ಏಳುತ್ತದೆ, ಆ ಜಾಗದಲ್ಲಿ ಅದು ಮುರಿಯುತ್ತದೆ.

## ಕೊಂಚ ಬೆಳೆದ ಮೇಲೆ ಬರುವ ಪ್ರಶ್ನೆಗಳು

ಕವಲೊಡೆದ ತುದಿಯನ್ನು ಸರಿಪಡಿಸುವ ಸೀರಮ್ ಇದೆಯೇ?

ತಾತ್ಕಾಲಿಕವಾಗಿ ಅಂಟಿಸುವವು ಇವೆ, ಸರಿಪಡಿಸುವುದು ಯಾವುದೂ ಇಲ್ಲ. ಸೀಳಿದ ತುದಿ ಸುಮ್ಮನೆ ಕೂರುವುದಿಲ್ಲ, ಮೇಲಕ್ಕೆ ಏರುತ್ತದೆ, ಪಕ್ಕದ ಎಳೆಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಕತ್ತರಿಯೇ ಬೇಕು.

ಆದರೆ ಎಲ್ಲ ಕೂದಲನ್ನೂ ಎರಡು ಇಂಚು ಕತ್ತರಿಸಬೇಕಿಲ್ಲ. ಹಗಲು ಬೆಳಕಿನಲ್ಲಿ, ಕಿಟಕಿಯ ಪಕ್ಕ ಕುಳಿತು, ತೊಡೆಯ ಮೇಲೆ ಕಪ್ಪು ಕೂದಲಿಗೆ ಬಿಳಿ ಬಟ್ಟೆ ಹಾಸಿಕೊಂಡು, ಬೆರಳಗಲದ ಒಂದು ಗೊಂಚಲು ತೆಗೆದು ಹುರಿ ಹೊಸೆಯಿರಿ. ಹುರಿಯಿಂದ ಹೊರಗೆ ಚಾಚುವ ತುದಿಗಳಲ್ಲಿ ಬಿಳಿ ಚುಕ್ಕೆಯಿರುವುದನ್ನು, ಕವಲಿರುವುದನ್ನು ಮಾತ್ರ, ಕವಲಿಗಿಂತ ಅರ್ಧ ಸೆಂಟಿಮೀಟರ್ ಮೇಲೆ ಕತ್ತರಿಸಿ. ಕತ್ತರಿ ಕೂದಲಿಗೆಂದೇ ಮೀಸಲಾಗಿರಲಿ. ಕಾಗದ ಕತ್ತರಿಸಿ ಮೊಂಡಾದದ್ದು ಕೂದಲನ್ನು ಜಜ್ಜುತ್ತದೆ, ಜಜ್ಜಿದ್ದು ಮತ್ತೆ ಸೀಳುತ್ತದೆ. ನಾನು ಎರಡು ತಿಂಗಳಿಗೊಮ್ಮೆ ಒಂದು ಮಧ್ಯಾಹ್ನ ಇದಕ್ಕೆ ಕೊಡುತ್ತೇನೆ. ಬೇಜಾರಿನ ಕೆಲಸವೇ, ರೇಡಿಯೋ ಹಾಕಿಕೊಳ್ಳುತ್ತೇನೆ.

ಒಮ್ಮೆ ಮಾತ್ರ ನೇರ ಮಾಡಿಸಿಕೊಂಡರೆ ಏನಾದೀತು? ಬಣ್ಣ ಹಚ್ಚಿದರೆ?

ನಾನೂ "ಒಮ್ಮೆ ಮಾತ್ರ" ಎಂದೇ ಹೋಗಿದ್ದೆ. ಮೂರು ತಾಸು ಕುಳಿತೆ, ಕಣ್ಣು ಉರಿಯುತ್ತಿತ್ತು. ಉರಿಯುವುದು ಮಾಮೂಲು ಎಂದರು. ಎರಡು ತಿಂಗಳು ಹೊಳೆಯಿತು. ಮೂರನೆಯ ತಿಂಗಳು ಹೊಸ ಬುಡವೂ ಹಳೆಯ ನೇರ ಭಾಗವೂ ಸೇರುವ ಗೆರೆಯಲ್ಲಿ ಒಂದೊಂದೇ ಮುರಿಯತೊಡಗಿತು. ಕೊನೆಗೆ ಕಿವಿಯ ಮಟ್ಟಕ್ಕೆ ಕತ್ತರಿಸಿದೆ.

ಕೂದಲಿನ ಬಲ ಇರುವುದು ಕೆರಾಟಿನ್ ಎಳೆಗಳನ್ನು ಅಡ್ಡಡ್ಡ ಹೊಲಿಯುವ ಡೈಸಲ್ಫೈಡ್ ಬಂಧಗಳಲ್ಲಿ. ಶಾಶ್ವತವಾಗಿ ನೇರ ಮಾಡುವ ರಾಸಾಯನಿಕ ಆ ಹೊಲಿಗೆ ಬಿಚ್ಚಿ ಬೇರೆ ಕಡೆ ಹೊಲಿಯುತ್ತದೆ, ಎಲ್ಲ ಹೊಲಿಗೆಯೂ ಮರಳಿ ಬೀಳುವುದಿಲ್ಲ. ಬ್ಲೀಚ್ ಕೆಲವು ಹೊಲಿಗೆಗಳನ್ನು ಸುಟ್ಟೇ ಬಿಡುತ್ತದೆ. ಜೊತೆಗೆ ಹೊರಪದರದ ಮೇಲೆ ಹುಟ್ಟಿನಿಂದ ಇರುವ ಸಹಜ ಜಿಡ್ಡಿನ ಪೊರೆಯನ್ನೂ ಕಿತ್ತುಹಾಕುತ್ತದೆ, ಅದು ಮರಳಿ ಬರುವುದಿಲ್ಲ. ಕೆರಾಟಿನ್ ಚಿಕಿತ್ಸೆ ಎಂಬ ಹೆಸರಿನ ಕೆಲವು ದ್ರಾವಣಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ಕಣ್ಣುರಿ ಮಾಮೂಲಲ್ಲ.

ಬಣ್ಣ ಬೇಕೇ ಬೇಕೆಂದರೆ ನಿಮ್ಮ ಬಣ್ಣಕ್ಕಿಂತ ಗಾಢವಾದದ್ದನ್ನು, ಹೊಸ ಬುಡಕ್ಕೆ ಮಾತ್ರ ಹಚ್ಚಿ. ತಿಳಿ ಮಾಡುವ ಬಣ್ಣ ಮತ್ತು ಸೊಂಟದುದ್ದದ ಕೂದಲು ಒಟ್ಟಿಗೆ ಇರುವುದು ಅಪರೂಪ.

ಬಯೋಟಿನ್ ಮಾತ್ರೆ ತೆಗೆದುಕೊಳ್ಳಲೇ?

ಬಯೋಟಿನ್ ಕೊರತೆಯಿದ್ದವರಿಗೆ ಅದು ಕೆಲಸ ಮಾಡುತ್ತದೆ, ಆ ಕೊರತೆ ಬಹಳ ವಿರಳ. ಉಳಿದವರಿಗೆ ದೇಹ ಅದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಇನ್ನೊಂದು ತೊಂದರೆ ಇದೆ. ಹೆಚ್ಚಿನ ಪ್ರಮಾಣದ ಬಯೋಟಿನ್ ರಕ್ತಪರೀಕ್ಷೆಯನ್ನು ದಾರಿತಪ್ಪಿಸುತ್ತದೆ. ಥೈರಾಯ್ಡ್ ಪರೀಕ್ಷೆಯಲ್ಲಿ, ಹೃದಯಾಘಾತ ಪತ್ತೆ ಮಾಡುವ ಟ್ರೊಪೊನಿನ್ ಪರೀಕ್ಷೆಯಲ್ಲಿ ತಪ್ಪು ಅಂಕಿ ಬರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿದೆ. ಕೂದಲು ಉದುರುತ್ತದೆಂದು ಥೈರಾಯ್ಡ್ ಪರೀಕ್ಷೆಗೆ ಹೋಗುವವರೇ ಬಯೋಟಿನ್ ನುಂಗಿ ಹೋಗುವುದು ವಿಪರ್ಯಾಸ. ಸಾಕಷ್ಟು ಪ್ರೋಟೀನ್, ಕಬ್ಬಿಣಾಂಶ ಇರುವ ಊಟ ಮಾತ್ರೆಗಿಂತ ಮುಖ್ಯ. ಉಪವಾಸವಿದ್ದು ಬೇಗ ತೂಕ ಇಳಿಸಿಕೊಂಡವರ ಕೂದಲು ಮೂರು ತಿಂಗಳಿಗೆ ಲೆಕ್ಕ ಕೇಳುತ್ತದೆ.

ಎಲ್ಲ ಸರಿಯಿತ್ತು, ಈಗ ಎರಡು ವಾರದಿಂದ ಹಿಡಿಹಿಡಿಯಾಗಿ ಉದುರುತ್ತಿದೆ. ಶಾಂಪೂ ಬದಲಿಸಿದ್ದಕ್ಕೇ?

ಶಾಂಪೂವನ್ನು ಬಿಟ್ಟು ಎರಡು ಮೂರು ತಿಂಗಳು ಹಿಂದಕ್ಕೆ ಯೋಚಿಸಿ. ದೊಡ್ಡ ಜ್ವರ, ಶಸ್ತ್ರಚಿಕಿತ್ಸೆ, ಹೆರಿಗೆ, ಸಾವಿನ ಆಘಾತ, ಕಟ್ಟುನಿಟ್ಟಿನ ಡಯಟ್, ಹೊಸ ಔಷಧ ಏನಾದರೂ ಇತ್ತೇ? ಅಂಥ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತದೆ, ವಿಶ್ರಾಂತಿ ಮುಗಿದ ಮೇಲೆ ಒಟ್ಟಿಗೇ ಉದುರುತ್ತದೆ. ಬಸುರಿನಲ್ಲಿ ಹಾರ್ಮೋನುಗಳು ಹಿಡಿದಿಟ್ಟಿದ್ದ ಕೂದಲು ಹೆರಿಗೆಯಾದ ಮೂರು ನಾಲ್ಕು ತಿಂಗಳಿಗೆ ಹೋಗುವುದೂ ಹೀಗೆಯೇ. ಕಾರಣ ಕಳೆದಿದ್ದರೆ ಆರು ತಿಂಗಳೊಳಗೆ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಹಣೆಯ ಅಂಚಿನಲ್ಲಿ ನಿಗುರಿ ನಿಲ್ಲುವ ಗಿಡ್ಡ, ಚೂಪು ತುದಿಯ ಎಳೆಗಳು ಹೊಸದಾಗಿ ಬರುತ್ತಿರುವವು. ಅವನ್ನು ಮುರುಕು ಎಂದು ಎಣ್ಣೆ ಬಳಿದು ಅದುಮಬೇಡಿ.

ಯಾವಾಗ ವೈದ್ಯರ ಬಳಿ ಹೋಗಬೇಕು?

ನಾಣ್ಯದಗಲ ಬೋಳು ಮಚ್ಚೆ ಕಂಡರೆ, ಬೈತಲೆ ತಿಂಗಳಿಂದ ತಿಂಗಳಿಗೆ ಅಗಲವಾಗುತ್ತಿದ್ದರೆ, ನೆತ್ತಿಯಲ್ಲಿ ನೋವು, ಕೀವು, ಹೊಳಪಾದ ಕಲೆ ಇದ್ದರೆ, ಉದುರುವುದು ಆರು ತಿಂಗಳು ದಾಟಿದರೆ ಚರ್ಮರೋಗ ತಜ್ಞರ ಬಳಿ ಹೋಗಿ. ಥೈರಾಯ್ಡ್, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಪರೀಕ್ಷೆಗಳನ್ನು ಅವರೇ ಬರೆದುಕೊಡುತ್ತಾರೆ. ಅನುವಂಶೀಯವಾಗಿ ಬೈತಲೆ ಅಗಲವಾಗುವುದಕ್ಕೆ ಮಿನಾಕ್ಸಿಡಿಲ್ ಕೊಡಬಹುದು. ರಕ್ತದೊತ್ತಡಕ್ಕೆಂದು ಬಂದು ಕೂದಲಿಗೆ ನೆಲೆಯಾದ ಔಷಧ ಅದು. ಬಿಟ್ಟರೆ ಅದರಿಂದ ಉಳಿದಿದ್ದ ಕೂದಲೂ ಕೆಲವು ತಿಂಗಳಲ್ಲಿ ಹೋಗುತ್ತದೆ, ಆದ್ದರಿಂದ ಅವರಿವರ ಮಾತು ಕೇಳಿ ಶುರುಮಾಡಬೇಡಿ. ಇಲ್ಲಿ ತಡ ಮಾಡಿದಷ್ಟೂ ನಷ್ಟ. ಹಗುರ ಕೈಯಿಂದ ಬಾಚಿದರೆ ಇದು ಯಾವುದೂ ವಾಸಿಯಾಗುವುದಿಲ್ಲ.

ಸೊಂಟದವರೆಗೆ ಬಂದು ಎರಡು ವರ್ಷದಿಂದ ನಿಂತಿದೆ. ಇದೇ ನನ್ನ ಗರಿಷ್ಠ ಉದ್ದವೇ?

ಇರಬಹುದು. ಪ್ರತಿ ಕೂದಲೂ ಬೆಳೆಯುವ ಅವಧಿ ಎರಡರಿಂದ ಆರೇಳು ವರ್ಷ. ವರ್ಷಕ್ಕೆ 15 ಸೆಂಟಿಮೀಟರಿನಂತೆ ನಾಲ್ಕು ವರ್ಷದವರಿಗೆ 60 ಸೆಂಟಿಮೀಟರ್, ಆರು ವರ್ಷದವರಿಗೆ 90. ಅದಕ್ಕೆ ಮೀರಿದವರೂ ಇದ್ದಾರೆ. ಚೀನಾದ ಶಿಯೆ ಚಿಯುಪಿಂಗ್ 1973ರಿಂದ ಕತ್ತರಿ ಮುಟ್ಟಿಸದೆ ಬೆಳೆಸಿದ ಕೂದಲು 2004ರಲ್ಲಿ ಅಳೆದಾಗ 5.627 ಮೀಟರ್ ಇತ್ತು. ಆ ಭಾಗ್ಯ ಬುಡದಲ್ಲೇ ಬರೆದಿರಬೇಕು, ಸಾಧನೆಯಿಂದ ಬರುವಂಥದ್ದಲ್ಲ.

ನಿಮ್ಮದು ನಿಜಕ್ಕೂ ಮುಗಿದಿದೆಯೇ ಎಂದು ನೋಡಲು ಒಂದು ಪರೀಕ್ಷೆ ಮಾಡಿ. ಒಂದು ತಿಂಗಳು, ತಾನಾಗಿ ಉದುರಿದ, ಬಿಳಿ ಗುಂಡಿರುವ, ಅತಿ ಉದ್ದದ ಕೂದಲುಗಳನ್ನು ಒಂದು ಲಕೋಟೆಯಲ್ಲಿ ಸಂಗ್ರಹಿಸಿ. ಮೂವತ್ತು ಸೇರಿದ ಮೇಲೆ ಬಿಳಿ ಕಾಗದದ ಮೇಲೆ ಮಲಗಿಸಿ ಇನ್ನೊಂದು ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ತುದಿ ಸೂಜಿಯಂತೆ ಸಣ್ಣಗಾಗುತ್ತಾ ಹೋಗಿದ್ದರೆ ಅದು ಹುಟ್ಟಿದಂದಿನ ತುದಿ. ಆ ಕೂದಲು ಎಲ್ಲಿಯೂ ಮುರಿಯದೆ ತನ್ನ ಪೂರ್ಣ ಉದ್ದ ಬಾಳಿ ಉದುರಿದೆ, ಅದೇ ನಿಮ್ಮ ಮಿತಿ. ತುದಿ ನೇರವಾಗಿ ಮೊಂಡಾಗಿದ್ದರೆ ಅದು ಕತ್ತರಿಯ ಗುರುತು, ನೀವು ಕತ್ತರಿಸುವ ಪ್ರಮಾಣವೇ ಜಾಸ್ತಿಯಾಗಿದೆ. ಪೊರಕೆಯಂತೆ ಬಿರಿದಿದ್ದರೆ ಅಥವಾ ಓರೆಯಾಗಿ ಹರಿದಿದ್ದರೆ ಇನ್ನೂ ಬೆಳೆಯಬೇಕಾದದ್ದು ದಾರಿಯಲ್ಲೇ ಮುರಿದಿದೆ. ನನ್ನ ಲಕೋಟೆಯಲ್ಲಿ ಕಳೆದ ಸಲ ಮೂವತ್ತರಲ್ಲಿ ಹನ್ನೊಂದು ಸೂಜಿ, ಉಳಿದದ್ದೆಲ್ಲ ಪೊರಕೆ.